ಶಿಕ್ಷಕರಿಗೆ ಅಂಕ ಕೊಡುವವರನ್ನು ನೋಡುವವರು ಯಾರು?

ಅಮೆರಿಕದ ಸರ್ಕಾರಿ ಶಾಲೆಗಳ ದಿನನಿತ್ಯದ ಆಡಳಿತ ವಾಷಿಂಗ್ಟನ್ನಿನ ಕೇಂದ್ರ (ಫೆಡರಲ್) ಸರ್ಕಾರದ ಕೈಯಲ್ಲೂ ಇಲ್ಲ, ಬಹುಮಟ್ಟಿಗೆ ರಾಜ್ಯ ಸರ್ಕಾರಗಳ ಕೈಯಲ್ಲೂ ಇಲ್ಲ. ಅದು ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ಸಂಸ್ಥೆಗಳ ಹೊಣೆ. ದೇಶದಲ್ಲಿ ಇಂಥ 13,000ಕ್ಕೂ ಹೆಚ್ಚು ಡಿಸ್ಟ್ರಿಕ್ಟ್‌ಗಳಿದ್ದು, ಕೆಲವದರಲ್ಲಿ ಒಂದೆರಡು ಶಾಲೆಗಳಷ್ಟೇ ಇದ್ದರೆ ನ್ಯೂಯಾರ್ಕ್ ನಗರದಲ್ಲಿ ಸಾವಿರಕ್ಕೂ ಮಿಕ್ಕಿವೆ. ಸಾಮಾನ್ಯವಾಗಿ ಜನರೇ ಆರಿಸಿದ ಒಂದು ಶಾಲಾ ಮಂಡಳಿ ಇರುತ್ತದೆ. ಮಂಡಳಿಯು ಡಿಸ್ಟ್ರಿಕ್ಟಿನ ಮುಖ್ಯ ಆಡಳಿತಾಧಿಕಾರಿಯಾದ ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ. ಅವರ ಕೈಕೆಳಗೆ ಶಾಲೆಗೊಬ್ಬರಂತೆ ಪ್ರಾಂಶುಪಾಲರೂ ಪ್ರಾಂಶುಪಾಲರ ಕೈಕೆಳಗೆ ಶಿಕ್ಷಕರೂ ಕೆಲಸ ಮಾಡುತ್ತಾರೆ. ಶಿಕ್ಷಕರ ಮೌಲ್ಯಮಾಪನವನ್ನು ಪ್ರಾಂಶುಪಾಲರು ಮಾಡಬೇಕು, ಪ್ರಾಂಶುಪಾಲರದ್ದನ್ನು ಮೇಲಿನ ಕಚೇರಿಯವರು ಮಾಡಬೇಕು. ಕಾಗದದ ಮೇಲೆ ಇದಕ್ಕಿಂತ ಸರಳವಾದ ವ್ಯವಸ್ಥೆ ಇರಲಾರದು.

ಇಂಥದೊಂದು ಡಿಸ್ಟ್ರಿಕ್ಟ್‌ನಲ್ಲಿ ನಾನು ಬಹುಕಾಲ ಗಣಿತ ಕಲಿಸಿದ್ದೇನೆ. ಅನಂತರ ಕೆಲವು ವರ್ಷ ಇತರ ಶಿಕ್ಷಕರ ತರಗತಿಗಳಲ್ಲಿ ಕುಳಿತು, ಪಾಠವನ್ನು ನೋಡಿ, ವರದಿ ಬರೆಯುವ ಕೆಲಸವನ್ನೂ ಮಾಡಿದ್ದೇನೆ. ಹೀಗೆ ಎರಡು ಕಡೆಯಿಂದಲೂ ನೋಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಒಂದಿದೆ. ಶಿಕ್ಷಕರಿಗೆ ಅಂಕವನ್ನು ಹೇಗೆ ಕೊಡಬೇಕೆಂಬ ಬಗ್ಗೆ ಈ ದೇಶ ತಲೆಕೆಡಿಸಿಕೊಂಡಷ್ಟು, ಹಣ ಸುರಿದಷ್ಟು, ನ್ಯಾಯಾಲಯಗಳಿಗೆ ಅಲೆದಷ್ಟು, ಆ ಅಂಕವನ್ನು ಕೊಡಬೇಕಾದ ಪ್ರಾಂಶುಪಾಲರಿಗೆ ಬಿಡುವಿದೆಯೇ, ಪಾಠವನ್ನು ನೋಡಲು ಅವರಿಗೆ ಬರುತ್ತದೆಯೇ, ನೋಡಿದ ಮೇಲೆ ಎದುರು ಕುಳಿತು ಮಾತನಾಡುತ್ತಾರೆಯೇ ಎಂಬ ಬಗ್ಗೆ ತಲೆಕೆಡಿಸಿಕೊಂಡಿಲ್ಲ. ಸುಧಾರಣೆಯ ಹೆಸರಿನಲ್ಲಿ ನಡೆದ ಗದ್ದಲವೆಲ್ಲ ತಪ್ಪಾದ ತುದಿಯಿಂದ ಶುರುವಾಯಿತೆಂದು ನನ್ನ ಎಣಿಕೆ.

ಮೊದಲು ಕ್ರಮವನ್ನು ಹೇಳುತ್ತೇನೆ. ವರ್ಷದ ಆರಂಭದಲ್ಲಿ ಶಿಕ್ಷಕರು ತಮ್ಮ ತರಗತಿಯ ಮಕ್ಕಳು ವರ್ಷಾಂತ್ಯಕ್ಕೆ ಏನನ್ನು ಕಲಿತಿರಬೇಕು ಎಂಬ ಒಂದೆರಡು ಗುರಿಗಳನ್ನು ಬರೆದುಕೊಡುತ್ತಾರೆ. ವರ್ಷದ ನಡುವೆ ತರಗತಿ ವೀಕ್ಷಣೆಗಳು ನಡೆಯುತ್ತವೆ. ಕೆಲವು ಮುಂಚಿತವಾಗಿ ದಿನ ಗೊತ್ತು ಮಾಡಿದ ಪೂರ್ಣ ಅವಧಿಯ ವೀಕ್ಷಣೆಗಳು, ಕೆಲವು ಹೇಳದೆ ಬಂದು ಹತ್ತು ಹದಿನೈದು ನಿಮಿಷ ನಿಂತು ಹೋಗುವ ಭೇಟಿಗಳು. ಹೊಸಬರಿಗೆ ಇವು ಹೆಚ್ಚು, ಸೇವೆ ಖಾಯಂ ಆದವರಿಗೆ ಕಡಿಮೆ. ಎಷ್ಟು ಸಲ, ಎಷ್ಟು ದಿನಗಳೊಳಗೆ ವರದಿ ಕೊಡಬೇಕು, ಒಪ್ಪದಿದ್ದರೆ ಶಿಕ್ಷಕರು ಯಾರಿಗೆ ಮೇಲ್ಮನವಿ ಸಲ್ಲಿಸಬಹುದು ಎಂಬುದೆಲ್ಲ ರಾಜ್ಯದ ಕಾನೂನಿನಲ್ಲಿ ಒಂದಿಷ್ಟು, ಶಿಕ್ಷಕರ ಸಂಘದೊಂದಿಗಿನ ಒಪ್ಪಂದದಲ್ಲಿ ಒಂದಿಷ್ಟು ನಿಗದಿಯಾಗಿರುತ್ತದೆ. ಪಾಠವನ್ನು ಅಳೆಯಲು ಬಹಳಷ್ಟು ಡಿಸ್ಟ್ರಿಕ್ಟ್‌ಗಳು ಬಳಸುವುದು ಶಿಕ್ಷಣತಜ್ಞೆ ಶಾರ್ಲಟ್ ಡೇನಿಯಲ್ಸನ್ ಅವರು 1996ರಲ್ಲಿ ಪ್ರಕಟಿಸಿದ ಚೌಕಟ್ಟನ್ನು, ಇಲ್ಲವೇ ಅದನ್ನು ಹೋಲುವ ಇನ್ನೊಂದನ್ನು. ಅದರಲ್ಲಿ ಪಾಠದ ಸಿದ್ಧತೆ, ತರಗತಿಯ ವಾತಾವರಣ, ಬೋಧನೆ, ವೃತ್ತಿಯ ಹೊಣೆಗಾರಿಕೆ ಎಂಬ ನಾಲ್ಕು ವಿಭಾಗಗಳೂ ಅವುಗಳಲ್ಲಿ ಒಟ್ಟು 22 ಅಂಶಗಳೂ ಇವೆ. ಪ್ರತಿ ಅಂಶಕ್ಕೂ ಅತೃಪ್ತಿಕರದಿಂದ ಅತ್ಯುತ್ತಮದವರೆಗೆ ನಾಲ್ಕು ದರ್ಜೆಗಳು.

ವೀಕ್ಷಣೆಗೆ ಕುಳಿತವರು ಏನನ್ನು ಬರೆದುಕೊಳ್ಳುತ್ತಾರೆ ಎಂಬುದನ್ನು ಹೊರಗಿನವರು ನೋಡಿರುವುದು ಅಪರೂಪ. ತರಬೇತಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟಿದ್ದು ಅಭಿಪ್ರಾಯವನ್ನು ಬರೆಯಬೇಡಿ, ಕಂಡದ್ದನ್ನೂ ಕೇಳಿದ್ದನ್ನೂ ಬರೆಯಿರಿ ಎಂದು. ‘ಪಾಠ ಚುರುಕಾಗಿತ್ತು’ ಎಂದು ಬರೆದರೆ ತರಬೇತುದಾರರು ಕೆಂಪು ಗೆರೆ ಎಳೆಯುತ್ತಿದ್ದರು. ಏಳನೇ ತರಗತಿಯ ಗಣಿತದ ಒಂದು ಪಾಠದಲ್ಲಿ ನಾನು ಬರೆದುಕೊಂಡಿದ್ದು ಹೀಗಿತ್ತು: ‘10:14. ಎರಡು ಋಣ ಸಂಖ್ಯೆಗಳನ್ನು ಗುಣಿಸಿದರೆ ಧನ ಸಂಖ್ಯೆ ಏಕೆ ಬರುತ್ತದೆ ಎಂದು ಶಿಕ್ಷಕರು ಕೇಳಿದರು. ಮೂವರು ಕೈ ಎತ್ತಿದರು. ಮುಂದಿನ ಸಾಲಿನ ಹುಡುಗಿ, ಅದು ನಿಯಮ ಎಂದಳು. ಶಿಕ್ಷಕರು ಸರಿ ಎಂದು ಮುಂದಿನ ಲೆಕ್ಕಕ್ಕೆ ಹೋದರು. 10:15.’

ಪಾಠದ ನಂತರದ ಚರ್ಚೆಯಲ್ಲಿ ಈ ನಾಲ್ಕು ಸಾಲುಗಳನ್ನು ಅವರ ಮುಂದಿಟ್ಟು, ಹುಡುಗಿ ನಿಯಮ ಎಂದಾಗ ನಿಮಗೆ ಏನನ್ನಿಸಿತು ಎಂದಷ್ಟೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಉತ್ತರ ಸಿಕ್ಕಿತೆಂದು ಸಮಾಧಾನವಾಯಿತು, ಆದರೆ ಅದು ಉತ್ತರವೇ ಅಲ್ಲ, ಅಲ್ಲವೇ ಎಂದರು. ಮುಂದಿನ ಭೇಟಿಯ ಹೊತ್ತಿಗೆ ಅವರೇ ಒಂದು ದಾರಿ ಕಂಡುಕೊಂಡಿದ್ದರು. ಋಣ 2ನ್ನು ಮೊದಲು 3ರಿಂದ, ಆಮೇಲೆ 2ರಿಂದ, 1ರಿಂದ, ಸೊನ್ನೆಯಿಂದ ಗುಣಿಸಿ ಉತ್ತರಗಳನ್ನು ಒಂದರ ಕೆಳಗೊಂದು ಬರೆಯಿಸಿ, ಪ್ರತಿ ಹೆಜ್ಜೆಗೂ ಉತ್ತರ 2ರಷ್ಟು ಏರುತ್ತಿರುವುದನ್ನು ಮಕ್ಕಳೇ ಗುರುತಿಸುವಂತೆ ಮಾಡಿ, ಋಣ 1ರಿಂದ ಗುಣಿಸಿದರೆ ಏನು ಬರಬೇಕೆಂಬುದನ್ನು ಅವರ ಬಾಯಿಂದಲೇ ಹೇಳಿಸಿದರು. ಒಬ್ಬ ಶಿಕ್ಷಕರು ಪಾಠ ಮಾಡುವ ರೀತಿ ಬದಲಾಗುವುದು ಹೀಗೆ. ಅದೇ ಪಾಠದ ‘ಪ್ರಶ್ನೆ ಕೇಳುವ ಮತ್ತು ಚರ್ಚೆ ನಡೆಸುವ ಕೌಶಲ’ ಎಂಬ ಅಂಶಕ್ಕೆ ನಾನು ಕೆಳಗಿನಿಂದ ಎರಡನೇ ದರ್ಜೆಯನ್ನು ಕೊಡಬೇಕಾಗಿತ್ತು, ಕೊಟ್ಟೆ. ಆ ಹಾಳೆಯನ್ನೇ ಮೊದಲು ಅವರ ಕೈಗಿತ್ತಿದ್ದರೆ ಅರ್ಧ ಗಂಟೆಯ ಮಾತೆಲ್ಲ ಎರಡು ಏಕೆ, ಮೂರು ಏಕಲ್ಲ ಎಂಬುದರ ಸುತ್ತಲೇ ತಿರುಗುತ್ತಿತ್ತು. ಇತರ ವೀಕ್ಷಕರ ಚರ್ಚೆಗಳು ಹಾಗೆ ತಿರುಗಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಈ ವ್ಯವಸ್ಥೆ ರಾಷ್ಟ್ರೀಯ ರಾಜಕೀಯದ ವಿಷಯವಾದದ್ದು 2009ರಲ್ಲಿ. ಆ ವರ್ಷ ದಿ ನ್ಯೂ ಟೀಚರ್ ಪ್ರಾಜೆಕ್ಟ್ ಎಂಬ ಸಂಸ್ಥೆ ನಾಲ್ಕು ರಾಜ್ಯಗಳ 12 ಡಿಸ್ಟ್ರಿಕ್ಟ್‌ಗಳ ದಾಖಲೆಗಳನ್ನು ಪರಿಶೀಲಿಸಿ ಒಂದು ವರದಿ ಪ್ರಕಟಿಸಿತು. ತೃಪ್ತಿಕರ, ಅತೃಪ್ತಿಕರ ಎಂಬ ಎರಡೇ ದರ್ಜೆಗಳಿದ್ದ ಡಿಸ್ಟ್ರಿಕ್ಟ್‌ಗಳಲ್ಲಿ ಶೇಕಡಾ 99ಕ್ಕೂ ಹೆಚ್ಚು ಶಿಕ್ಷಕರಿಗೆ ‘ತೃಪ್ತಿಕರ’ ಸಿಕ್ಕಿತ್ತು. ಹೆಚ್ಚು ದರ್ಜೆಗಳಿದ್ದ ಕಡೆಗಳಲ್ಲಿಯೂ ಶೇಕಡಾ 94ರಷ್ಟು ಮಂದಿ ಮೇಲಿನ ಎರಡು ದರ್ಜೆಗಳಲ್ಲೇ ಇದ್ದರು. ಎಲ್ಲರೂ ಒಳ್ಳೆಯವರೆಂದು ಬರೆದರೆ ನಿಜವಾಗಿ ಒಳ್ಳೆಯವರು ಯಾರೆಂದು ತಿಳಿಯುವುದಾದರೂ ಹೇಗೆ ಎಂಬ ಪ್ರಶ್ನೆ ಎದ್ದಿತು. ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಅದೇ ಹೊತ್ತಿಗೆ ಒಬಾಮಾ ಸರ್ಕಾರ ‘ರೇಸ್ ಟು ದ ಟಾಪ್’ ಎಂಬ ಯೋಜನೆಯಡಿ 435 ಕೋಟಿ ಡಾಲರುಗಳನ್ನು ರಾಜ್ಯಗಳ ಮುಂದಿಟ್ಟು ಸ್ಪರ್ಧೆಗೆ ಬಿಟ್ಟಿತು. ಅರ್ಜಿಗೆ ಒಟ್ಟು 500 ಅಂಕ. ಅದರಲ್ಲಿ ಅತಿ ದೊಡ್ಡ ಪಾಲಾದ 138 ಅಂಕಗಳು ಶಿಕ್ಷಕರು ಮತ್ತು ಪ್ರಾಂಶುಪಾಲರಿಗೆ ಸಂಬಂಧಿಸಿದ ಭಾಗಕ್ಕೆ ಮೀಸಲಾಗಿದ್ದವು. ಆರ್ಥಿಕ ಹಿಂಜರಿತದಿಂದ ಬೊಕ್ಕಸ ಬರಿದಾಗಿದ್ದ ರಾಜ್ಯಗಳು ಒಂದರ ಹಿಂದೊಂದು ಕಾನೂನುಗಳನ್ನು ತಿದ್ದಿ, ಶಿಕ್ಷಕರ ಮೌಲ್ಯಮಾಪನದಲ್ಲಿ ಮಕ್ಕಳ ಪರೀಕ್ಷಾ ಅಂಕಗಳಿಗೂ ಪಾಲು ಕೊಟ್ಟವು. ಹಣ ಸಿಕ್ಕಿದ್ದು ಕೆಲವು ರಾಜ್ಯಗಳಿಗೆ ಮಾತ್ರ. ಕಾನೂನು ಮಾತ್ರ ಹೆಚ್ಚಿನ ಕಡೆಗಳಲ್ಲಿ ಉಳಿಯಿತು.

ಮಕ್ಕಳ ಅಂಕವೆಂದರೆ ನೇರವಾದ ಅಂಕವಲ್ಲ. ಒಂದು ಮಗು ಹಿಂದಿನ ವರ್ಷಗಳಲ್ಲಿ ಗಳಿಸಿದ ಅಂಕಗಳ ಆಧಾರದ ಮೇಲೆ ಈ ವರ್ಷ ಎಷ್ಟು ಗಳಿಸಬಹುದೆಂದು ಅಂದಾಜು ಮಾಡಿ, ನಿಜವಾಗಿ ಗಳಿಸಿದ್ದು ಅದಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದು ನೋಡಿ, ತರಗತಿಯ ಎಲ್ಲ ಮಕ್ಕಳ ವ್ಯತ್ಯಾಸದ ಸರಾಸರಿಯನ್ನು ಶಿಕ್ಷಕರ ಖಾತೆಗೆ ಹಾಕುವುದು ಇದರ ಸಾರ. ಟೆನೆಸಿ ರಾಜ್ಯದಲ್ಲಿ ವಿಲಿಯಂ ಸ್ಯಾಂಡರ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ರೂಪಿಸಿದ ಲೆಕ್ಕಾಚಾರವನ್ನು 1992ರ ಕಾನೂನಿನಲ್ಲಿಯೇ ಸೇರಿಸಲಾಗಿತ್ತು. ಬಡ ಮಕ್ಕಳಿಗೆ ಕಲಿಸುವವರಿಗೂ ಶ್ರೀಮಂತರ ಮಕ್ಕಳಿಗೆ ಕಲಿಸುವವರಿಗೂ ಒಂದೇ ಅಳತೆಗೋಲು ಹಿಡಿಯುವ ಅನ್ಯಾಯ ಇದರಿಂದ ತಪ್ಪುತ್ತದೆ ಎಂಬುದು ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2014ರಲ್ಲಿ ಹೇಳಿಕೆ ಹೊರಡಿಸಿ, ಮಕ್ಕಳ ಅಂಕಗಳಲ್ಲಿ ಕಾಣುವ ಏರುಪೇರಿನಲ್ಲಿ ಶಿಕ್ಷಕರಿಂದ ಬರುವ ಪಾಲು ಶೇಕಡಾ 1ರಿಂದ 14ರಷ್ಟು ಎಂದು ಹೆಚ್ಚಿನ ಅಧ್ಯಯನಗಳು ಹೇಳುತ್ತವೆಂದು ನೆನಪಿಸಿ ಎಚ್ಚರಿಸಿತು. ಮೂವತ್ತು ಮಕ್ಕಳ ಒಂದು ತರಗತಿಯಲ್ಲಿ ಒಬ್ಬಿಬ್ಬರಿಗೆ ಪರೀಕ್ಷೆಯ ದಿನ ಜ್ವರ ಬಂದರೂ ಸರಾಸರಿ ಅಲುಗುತ್ತದೆ ಎಂಬುದು ಗಣಿತ ಕಲಿಸುವ ಯಾರಿಗೂ ಹೊಸ ಮಾತಲ್ಲ.

ಇನ್ನೂ ದೊಡ್ಡ ತೊಡಕು ಬೇರೊಂದಿತ್ತು. ರಾಜ್ಯದ ಪರೀಕ್ಷೆಗಳು ನಡೆಯುವುದು ಕೆಲವು ತರಗತಿಗಳಿಗೆ, ಅದೂ ಮುಖ್ಯವಾಗಿ ಭಾಷೆ ಮತ್ತು ಗಣಿತಕ್ಕೆ. ಸಂಗೀತ, ಚಿತ್ರಕಲೆ, ದೈಹಿಕ ಶಿಕ್ಷಣ, ಒಂದನೇ ತರಗತಿಗಳ ಶಿಕ್ಷಕರನ್ನು ಏನು ಮಾಡುವುದು? ಫ್ಲೋರಿಡಾದಲ್ಲಿ ಇಂಥ ಶಿಕ್ಷಕರಿಗೆ ತಾವು ಕಲಿಸದ ವಿಷಯದ ಅಂಕಗಳನ್ನೂ, ಕೆಲವರಿಗೆ ತಾವು ಎಂದೂ ಕಲಿಸದ ಮಕ್ಕಳ ಅಂಕಗಳನ್ನೂ ಲೆಕ್ಕಕ್ಕೆ ಹಿಡಿಯಲಾಯಿತು. ಅಲಾಚುವಾ ಕೌಂಟಿಯ ಒಂದನೇ ತರಗತಿಯ ಶಿಕ್ಷಕಿಯೊಬ್ಬರನ್ನು ಬೇರೊಂದು ಶಾಲೆಯ ದೊಡ್ಡ ಮಕ್ಕಳ ಅಂಕಗಳಿಂದ ಅಳೆದರು. ಅವರು ಮತ್ತು ಇತರ ಶಿಕ್ಷಕರು ಹೂಡಿದ ದಾವೆಯಲ್ಲಿ ನ್ಯಾಯಾಲಯ ವ್ಯವಸ್ಥೆಯ ಅನ್ಯಾಯವನ್ನು ಗುರುತಿಸಿದರೂ, ಅನ್ಯಾಯವೆಂಬ ಕಾರಣಕ್ಕೆ ಅದು ಸಂವಿಧಾನಕ್ಕೆ ವಿರುದ್ಧವಾಗುವುದಿಲ್ಲ ಎಂದು ಅರ್ಜಿಯನ್ನು ತಳ್ಳಿಹಾಕಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಎಂದೂ ಕಾಣದ ಮಕ್ಕಳ ಅಂಕದಿಂದ ತನ್ನ ಪಾಠ ಎಲ್ಲಿ ಸೋತಿತು ಎಂಬುದನ್ನು ಆ ಶಿಕ್ಷಕಿ ಹೇಗೆ ತಿಳಿದುಕೊಳ್ಳಬೇಕಿತ್ತು ಎಂಬ ಪ್ರಶ್ನೆಯನ್ನು ಯಾವ ತೀರ್ಪೂ ಬಗೆಹರಿಸಲಾರದು.

ಬೇರೆ ನ್ಯಾಯಾಲಯಗಳಲ್ಲಿ ಶಿಕ್ಷಕರು ಗೆದ್ದದ್ದೂ ಉಂಟು. ನ್ಯೂಯಾರ್ಕ್ ರಾಜ್ಯದ ಗ್ರೇಟ್ ನೆಕ್‌ನಲ್ಲಿ ನಾಲ್ಕನೇ ತರಗತಿಗೆ ಕಲಿಸುತ್ತಿದ್ದ ಅನುಭವಿ ಶಿಕ್ಷಕಿಯೊಬ್ಬರಿಗೆ ಮಕ್ಕಳ ಪರೀಕ್ಷೆಗಳಿಂದ ಲೆಕ್ಕ ಹಾಕಿ ಕೊಟ್ಟ ‘ಬೆಳವಣಿಗೆಯ ಅಂಕ’ 20ಕ್ಕೆ 14 ಇದ್ದದ್ದು ಮರುವರ್ಷ 20ಕ್ಕೆ 1 ಆಯಿತು. ಅವರ ತರಗತಿಯ ಮಕ್ಕಳ ಫಲಿತಾಂಶದಲ್ಲಿ ಅಂಥ ಕುಸಿತವೇನೂ ಇರಲಿಲ್ಲ. 2016ರಲ್ಲಿ ನ್ಯಾಯಾಧೀಶರು ಆ ಅಂಕವನ್ನು ನಿರಂಕುಶವೆಂದು ಕರೆದು ರದ್ದುಮಾಡಿದರು. ಹ್ಯೂಸ್ಟನ್‌ನಲ್ಲಿ ಖಾಸಗಿ ಕಂಪನಿಯೊಂದರ ಗುಟ್ಟಿನ ಸೂತ್ರದಿಂದ ಬಂದ ಅಂಕಗಳನ್ನು ಶಿಕ್ಷಕರು ಪರಿಶೀಲಿಸಿ ನೋಡುವಂತೆಯೇ ಇರಲಿಲ್ಲ. 2017ರಲ್ಲಿ ಫೆಡರಲ್ ನ್ಯಾಯಾಲಯ ಆ ಬಗೆಗಿನ ದಾವೆಯನ್ನು ಮುಂದುವರಿಸಲು ಅವಕಾಶ ಕೊಟ್ಟ ಬಳಿಕ ಡಿಸ್ಟ್ರಿಕ್ಟ್ ರಾಜಿ ಮಾಡಿಕೊಂಡಿತು. ಇದಕ್ಕೂ ಮುಂಚೆ, 2015ರ ಕೊನೆಯಲ್ಲಿ, ಹೊಸ ಫೆಡರಲ್ ಶಿಕ್ಷಣ ಕಾನೂನು ಬಂದು ಶಿಕ್ಷಕರ ಮೌಲ್ಯಮಾಪನದ ವಿಷಯದಲ್ಲಿ ವಾಷಿಂಗ್ಟನ್ ಕೈತೊಳೆದುಕೊಂಡಿತ್ತು. ಅನಂತರ ಹಲವು ರಾಜ್ಯಗಳು ಪರೀಕ್ಷಾ ಅಂಕಗಳ ಪಾಲನ್ನು ಇಳಿಸಿದವು, ಕೆಲವು ತೆಗೆದೇಹಾಕಿದವು.

ಇಷ್ಟೆಲ್ಲ ಆದ ಮೇಲೆ ದರ್ಜೆಗಳ ಪಟ್ಟಿ ಹೇಗಿತ್ತು? ಸಂಶೋಧಕರಾದ ಮ್ಯಾಥ್ಯೂ ಕ್ರಾಫ್ಟ್ ಮತ್ತು ಆಲಿಸನ್ ಗಿಲ್ಮೋರ್ 2017ರಲ್ಲಿ 24 ರಾಜ್ಯಗಳ ಅಂಕಿಅಂಶಗಳನ್ನು ನೋಡಿದಾಗ, ಬಹುಪಾಲು ರಾಜ್ಯಗಳಲ್ಲಿ ಅತೃಪ್ತಿಕರವೆನಿಸಿಕೊಂಡವರು ಆಗಲೂ ಶೇಕಡಾ 1ಕ್ಕಿಂತ ಕಡಿಮೆ ಇದ್ದರು. ಒಂದು ದೊಡ್ಡ ಡಿಸ್ಟ್ರಿಕ್ಟ್‌ನ ಪ್ರಾಂಶುಪಾಲರನ್ನು ಅವರು ಮಾತನಾಡಿಸಿದಾಗ ಕಾರಣಗಳೂ ಹೊರಬಂದವು. ತಮ್ಮ ಶಾಲೆಯಲ್ಲಿ ದುರ್ಬಲರಾದ ಶಿಕ್ಷಕರು ಕಾಗದದಲ್ಲಿ ತೋರಿಸಿದ್ದಕ್ಕಿಂತ ಹೆಚ್ಚು ಇದ್ದಾರೆಂದು ಅವರೇ ಒಪ್ಪಿಕೊಂಡರು. ಕಡಿಮೆ ದರ್ಜೆ ಕೊಟ್ಟರೆ ಸುಧಾರಣಾ ಯೋಜನೆ ಬರೆಯಬೇಕು, ಹೆಚ್ಚುವರಿ ವೀಕ್ಷಣೆಗಳನ್ನು ಮಾಡಬೇಕು, ಅದಕ್ಕೆ ಸಮಯವಿಲ್ಲ. ಹೊಸ ಶಿಕ್ಷಕರಿಗೆ ಆರಂಭದಲ್ಲೇ ಮುಖಭಂಗ ಮಾಡಲು ಮನಸ್ಸು ಬರುವುದಿಲ್ಲ. ಎದುರಿಗೆ ಕೂರಿಸಿಕೊಂಡು ಕೆಟ್ಟ ಮಾತನ್ನು ಹೇಳುವುದು ಕಷ್ಟ. ಕೆಲಸದಿಂದ ತೆಗೆದರೂ ಅವರ ಜಾಗಕ್ಕೆ ಬರುವವರು ಇವರಿಗಿಂತ ಉತ್ತಮರಾಗಿರುತ್ತಾರೆಂಬ ಭರವಸೆ ಇಲ್ಲ. ಈ ಮಾತುಗಳಲ್ಲಿ ಯಾವುದೂ ನನಗೆ ನೆಪವೆನಿಸುವುದಿಲ್ಲ. ನಾಳೆ ಬೆಳಗ್ಗೆ ಅದೇ ಕಾರಿಡಾರಿನಲ್ಲಿ ಎದುರಾಗಬೇಕಾದವರಿಗೆ, ಯಾರಾದರೂ ರಜೆ ಹಾಕಿದರೆ ಬದಲಿಗೆ ತರಗತಿ ತೆಗೆದುಕೊಳ್ಳಿ ಎಂದು ಕೇಳಬೇಕಾದವರಿಗೆ, ಯಾವ ಪ್ರಾಂಶುಪಾಲರು ಸುಲಭವಾಗಿ ಕೆಳ ದರ್ಜೆ ಬರೆದಾರು?

ಹಣದ ಲೆಕ್ಕವೂ ಸಣ್ಣದಲ್ಲ. ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಹಿಲ್ಸ್‌ಬರೋ ಕೌಂಟಿ, ಮೆಂಫಿಸ್, ಪಿಟ್ಸ್‌ಬರ್ಗ್ ಡಿಸ್ಟ್ರಿಕ್ಟ್‌ಗಳೂ ಸರ್ಕಾರದ ಹಣದಿಂದ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗಳ ನಾಲ್ಕು ಸಂಸ್ಥೆಗಳೂ ಹೊಸ ಮೌಲ್ಯಮಾಪನವನ್ನು ಆಧಾರವಾಗಿಟ್ಟುಕೊಂಡು ನಡೆಸಿದ ಪ್ರಯೋಗಕ್ಕೆ ಎಲ್ಲ ಮೂಲಗಳಿಂದ ಸುಮಾರು 57.5 ಕೋಟಿ ಡಾಲರು ಖರ್ಚಾಯಿತು. ಮಕ್ಕಳ ಕಲಿಕೆಯಲ್ಲಿ ನಿರೀಕ್ಷಿಸಿದ ಏರಿಕೆ ಕಾಣಲಿಲ್ಲವೆಂದು ರ‍್ಯಾಂಡ್ ಸಂಶೋಧನಾ ಸಂಸ್ಥೆ 2018ರಲ್ಲಿ ವರದಿ ಕೊಟ್ಟಿತು.

ಹಾಗೆಂದು ಮೌಲ್ಯಮಾಪನದಿಂದ ಏನೂ ಆಗುವುದಿಲ್ಲವೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ವಾಷಿಂಗ್ಟನ್ ನಗರದಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ಮುಖ್ಯಸ್ಥೆಯಾಗಿದ್ದ ಮಿಷೆಲ್ ರೀ ಅವರು 2009ರಲ್ಲಿ ಜಾರಿಗೆ ತಂದ ‘ಇಂಪ್ಯಾಕ್ಟ್’ ವ್ಯವಸ್ಥೆ ನನಗೆ ಇಷ್ಟವಾದದ್ದಲ್ಲ. ಮರುವರ್ಷವೇ ನೂರಾರು ಶಿಕ್ಷಕರನ್ನು ತೆಗೆದುಹಾಕಿದ ರೀತಿಯಲ್ಲಿ ಗರ್ವ ಕಾಣುತ್ತಿತ್ತು. ಆದರೆ ಅಲ್ಲಿ ವರ್ಷಕ್ಕೆ ಐದು ವೀಕ್ಷಣೆಗಳಿದ್ದವು, ಅವುಗಳಲ್ಲಿ ಎರಡನ್ನು ಆ ಶಾಲೆಗೆ ಸೇರದ ವಿಷಯತಜ್ಞರು ಮಾಡುತ್ತಿದ್ದರು. ಥಾಮಸ್ ಡೀ ಮತ್ತು ಜೇಮ್ಸ್ ವೈಕಾಫ್ ಅವರ ಅಧ್ಯಯನದ ಪ್ರಕಾರ, ಇನ್ನೊಂದು ವರ್ಷ ಹೀಗೇ ಆದರೆ ಕೆಲಸ ಹೋಗುತ್ತದೆ ಎಂಬ ಅಂಚಿನಲ್ಲಿದ್ದ ಶಿಕ್ಷಕರಲ್ಲಿ ಹೆಚ್ಚು ಮಂದಿ ತಾವಾಗಿಯೇ ಬಿಟ್ಟುಹೋದರು, ಉಳಿದವರ ಕೆಲಸ ಸುಧಾರಿಸಿತು. ಹೆದರಿಕೆಗೂ ಫಲವಿರುತ್ತದೆ ಎಂದು ಒಪ್ಪಬೇಕಾಗುತ್ತದೆ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಸಿನ್ಸಿನ್ನಾಟಿಯ ಉದಾಹರಣೆ. ಅಲ್ಲಿ ಮೌಲ್ಯಮಾಪನದ ವರ್ಷ ಶಿಕ್ಷಕರ ತರಗತಿಯನ್ನು ನಾಲ್ಕು ಸಲ ನೋಡುತ್ತಿದ್ದರು. ಮೂರು ಸಲ ಬರುತ್ತಿದ್ದವರು ಬೇರೆ ಶಾಲೆಯಿಂದ ಆಯ್ದು ತರಬೇತಿ ಕೊಟ್ಟ ಅನುಭವಿ ಶಿಕ್ಷಕರು, ಒಂದು ಸಲ ಪ್ರಾಂಶುಪಾಲರು. ಎರಿಕ್ ಟೇಲರ್ ಮತ್ತು ಜಾನ್ ಟೈಲರ್ ಇದನ್ನು ಅಧ್ಯಯನ ಮಾಡಿದಾಗ, ವರ್ಷಗಟ್ಟಲೆ ಸೇವೆ ಸಲ್ಲಿಸಿದ ಶಿಕ್ಷಕರ ತರಗತಿಯ ಮಕ್ಕಳೂ ಗಣಿತದಲ್ಲಿ ಮೊದಲಿಗಿಂತ ಮುಂದೆ ಹೋಗಿದ್ದು, ಮೌಲ್ಯಮಾಪನ ಮುಗಿದ ನಂತರದ ವರ್ಷಗಳಲ್ಲಿಯೂ ಆ ಲಾಭ ಉಳಿದದ್ದು ಕಂಡುಬಂತು. ಓದಿನಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಓಹಾಯೊ ರಾಜ್ಯದ ಇನ್ನೊಂದು ಊರಾದ ಟೊಲಿಡೊದಲ್ಲಿ ಇನ್ನೂ ಹಿಂದೆ, 1981ರಿಂದಲೇ, ಶಿಕ್ಷಕರ ಸಂಘ ಮತ್ತು ಆಡಳಿತ ಒಟ್ಟಿಗೆ ಕುಳಿತು ಹಿರಿಯ ಶಿಕ್ಷಕರಿಂದ ಹೊಸಬರ ಪಾಠವನ್ನು ನೋಡಿಸಿ, ಸಹಾಯ ಕೊಡಿಸಿ, ಸುಧಾರಿಸದವರನ್ನು ಮುಂದುವರಿಸದಿರುವ ನಿರ್ಧಾರವನ್ನೂ ಜಂಟಿಯಾಗಿಯೇ ತೆಗೆದುಕೊಳ್ಳುವ ಪದ್ಧತಿ ಬೆಳೆಯಿತು. ಇಲ್ಲೆಲ್ಲ ಪಾಠವನ್ನು ನೋಡುವವರಿಗೆ ಅದೇ ಮುಖ್ಯ ಕೆಲಸ. ಊಟದ ಕೋಣೆಯ ಜಗಳ, ಶಾಲಾ ಬಸ್ಸಿನ ವಿಳಂಬ, ಪೋಷಕರ ದೂರವಾಣಿ ಕರೆಗಳ ನಡುವೆ ಬಿಡುವು ಮಾಡಿಕೊಂಡು ಬಂದವರಲ್ಲ ಅವರು.

ಪ್ರಾಂಶುಪಾಲರ ಮೌಲ್ಯಮಾಪನದ ಮಾತು ಬರುವುದು ಇಲ್ಲಿಯೇ. ಅವರಿಗೂ ಮಾನದಂಡಗಳಿವೆ, 1996ರಲ್ಲಿ ಆರು ಇದ್ದವು, 2015ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಹತ್ತು ಇವೆ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವಿದ್ವಾಂಸರು ಮತ್ತು ಅವರ ಸಹೋದ್ಯೋಗಿಗಳು ಶಿಕ್ಷಕರ, ಮೇಲಧಿಕಾರಿಯ ಮತ್ತು ಸ್ವತಃ ಪ್ರಾಂಶುಪಾಲರ ಉತ್ತರಗಳನ್ನು ಜೋಡಿಸಿ ನೋಡುವ ಒಳ್ಳೆಯ ಪ್ರಶ್ನಾವಳಿಯೊಂದನ್ನು ರೂಪಿಸಿದ್ದಾರೆ. ಆದರೆ ನಾನು ಕಂಡ ಬಳಕೆಯಲ್ಲಿ ಪ್ರಾಂಶುಪಾಲರನ್ನು ಅಳೆಯುತ್ತಿದ್ದದ್ದು ಶಾಲೆಯ ಒಟ್ಟು ಪರೀಕ್ಷಾ ಫಲಿತಾಂಶ, ಹಾಜರಾತಿ, ಪೋಷಕರ ದೂರುಗಳ ಸಂಖ್ಯೆ, ವರದಿಗಳನ್ನು ಗಡುವಿನೊಳಗೆ ಕಳುಹಿಸಿದರೋ ಇಲ್ಲವೋ ಎಂಬುದರಿಂದ. ಎಷ್ಟು ವೀಕ್ಷಣೆಗಳು ಮುಗಿದವು ಎಂದು ತಂತ್ರಾಂಶದಲ್ಲಿ ಎಣಿಕೆ ಇರುತ್ತಿತ್ತು. ಆ ವೀಕ್ಷಣೆಯ ಟಿಪ್ಪಣಿಯನ್ನು ಓದಿ, ಇದರಲ್ಲಿ ಶಿಕ್ಷಕರಿಗೆ ಉಪಯೋಗಕ್ಕೆ ಬರುವ ಒಂದು ವಾಕ್ಯವಾದರೂ ಇದೆಯೇ ಎಂದು ಕೇಳುವವರಿರಲಿಲ್ಲ. ಹಾಗಾಗಿ ಶಾಲಾ ವರ್ಷ ಮುಗಿಯುವ ಜೂನ್ ಹತ್ತಿರವಾದಾಗ ಒಬ್ಬರ ವರದಿಯ ಸಾಲುಗಳು ಇನ್ನೊಬ್ಬರ ವರದಿಯಲ್ಲಿ ಹಾಗೆಹಾಗೆಯೇ ಕಾಣಿಸಿಕೊಳ್ಳುತ್ತಿದ್ದವು. ಒಮ್ಮೆ ಸಂಗೀತದ ಶಿಕ್ಷಕರ ವರದಿಯಲ್ಲಿ ಭಿನ್ನರಾಶಿಗಳ ಉಲ್ಲೇಖ ಬಂದಿತ್ತು.

ಫಲಿತಾಂಶವೊಂದರಿಂದಲೇ ಪ್ರಾಂಶುಪಾಲರನ್ನು ಅಳೆದರೆ ಏನಾಗುತ್ತದೆ ಎಂಬುದಕ್ಕೆ ಅಟ್ಲಾಂಟಾ ಸಾಕ್ಷಿ. ಅಲ್ಲಿ ಶಾಲೆಗಳಿಗೆ ವರ್ಷವರ್ಷವೂ ಅಂಕಗಳ ಗುರಿ ನಿಗದಿಯಾಗುತ್ತಿತ್ತು, ಮುಟ್ಟದ ಪ್ರಾಂಶುಪಾಲರ ಕುರ್ಚಿ ಅಲುಗುತ್ತಿತ್ತು. ರಾಜ್ಯದ ತನಿಖಾಧಿಕಾರಿಗಳು 2011ರಲ್ಲಿ ಕೊಟ್ಟ ವರದಿ, 44 ಶಾಲೆಗಳಲ್ಲಿ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದುವುದೂ ಸೇರಿದಂತೆ ಅಕ್ರಮ ನಡೆದಿತ್ತೆಂದೂ ಅದರಲ್ಲಿ 38 ಪ್ರಾಂಶುಪಾಲರೂ ಸೇರಿ 178 ಮಂದಿ ಭಾಗಿಗಳಾಗಿದ್ದರೆಂದೂ ಹೇಳಿತು. 2015ರಲ್ಲಿ 11 ಮಂದಿಗೆ ಶಿಕ್ಷೆಯಾಯಿತು.

ಇದಕ್ಕೆ ತದ್ವಿರುದ್ಧವಾಗಿ, ಗದ್ದಲವಿಲ್ಲದೆ ನಡೆದ ಒಂದು ಕೆಲಸವನ್ನು ಹೇಳಬೇಕು. ವ್ಯಾಲೇಸ್ ಪ್ರತಿಷ್ಠಾನ 2014ರಿಂದ ಲಾಂಗ್ ಬೀಚ್, ಕ್ಲೀವ್‌ಲ್ಯಾಂಡ್, ಮಿನಿಯಾಪೊಲಿಸ್ ಸೇರಿದಂತೆ ಆರು ಡಿಸ್ಟ್ರಿಕ್ಟ್‌ಗಳಲ್ಲಿ ಪ್ರಾಂಶುಪಾಲರ ಮೇಲ್ವಿಚಾರಕರ ಹುದ್ದೆಯನ್ನೇ ಬದಲಿಸಲು ನೆರವು ನೀಡಿತು. ಒಬ್ಬ ಮೇಲ್ವಿಚಾರಕರ ಕೈಕೆಳಗೆ ಸರಾಸರಿ 17 ಪ್ರಾಂಶುಪಾಲರಿದ್ದದ್ದು 12ಕ್ಕೆ ಇಳಿಯಿತು. ಕಡತ, ಕಟ್ಟಡ ರಿಪೇರಿಗಳ ಹೊರೆ ಇಳಿಸಿ, ಶಾಲೆಗೆ ಹೋಗಿ ಪ್ರಾಂಶುಪಾಲರ ಜೊತೆಗೇ ತರಗತಿಗಳಲ್ಲಿ ಕುಳಿತು, ಅವರು ಶಿಕ್ಷಕರೊಂದಿಗೆ ನಡೆಸುವ ಚರ್ಚೆಯನ್ನು ಕೇಳಿ ತಿದ್ದುವುದೇ ಮೇಲ್ವಿಚಾರಕರ ಮುಖ್ಯ ಕೆಲಸವಾಯಿತು. ಒಬ್ಬರು 12 ಶಾಲೆಗಳನ್ನು ನೋಡಿಕೊಳ್ಳುವುದೂ ಸುಲಭವಲ್ಲ, ಆದರೂ ತಿಂಗಳಿಗೊಮ್ಮೆ ಪ್ರತಿ ಶಾಲೆಯಲ್ಲಿ ಅರ್ಧ ದಿನ ಕಳೆಯುವುದಕ್ಕೆ ಅಲ್ಲಿ ಅವಕಾಶವಿತ್ತು.

ನಾನಿದ್ದ ಡಿಸ್ಟ್ರಿಕ್ಟ್‌ನಲ್ಲಿ ಈಗ ಶಿಕ್ಷಕರ ಒಪ್ಪಂದ ಮತ್ತೆ ಮಾತುಕತೆಗೆ ಬಂದಿದೆ. 22 ಅಂಶಗಳ ನಮೂನೆಯನ್ನು ಎಂಟಕ್ಕೆ ಇಳಿಸಬೇಕೋ ಹತ್ತಕ್ಕೋ ಎಂಬ ಬಗ್ಗೆ ಎರಡೂ ಕಡೆಯವರು ಹಗ್ಗಜಗ್ಗಾಟ ನಡೆಸಿದ್ದಾರೆ. ಮಂಡಳಿಯ ಸಾರ್ವಜನಿಕ ಸಭೆಯಲ್ಲಿ ನನಗೆ ಸಿಕ್ಕ ಮೂರು ನಿಮಿಷಗಳಲ್ಲಿ ನಾನು ಕೇಳಿದ್ದು ಎರಡೇ ಸಂಗತಿ. ಪ್ರತಿ ಪ್ರಾಂಶುಪಾಲರೂ ವರ್ಷದಲ್ಲಿ ಒಮ್ಮೆಯಾದರೂ ವೀಕ್ಷಣೆಯ ನಂತರದ ಚರ್ಚೆಯನ್ನು ಮೇಲ್ವಿಚಾರಕರ ಎದುರಿಗೆ ನಡೆಸಬೇಕು. ಮತ್ತು ಶಿಕ್ಷಕರಿಗೆ ಕೊಡುವ ದರ್ಜೆ ಆ ಚರ್ಚೆ ಮುಗಿದು ಒಂದು ವಾರವಾದ ಮೇಲಷ್ಟೇ ಅವರ ಕೈಸೇರಬೇಕು. ಮೊದಲನೆಯದಕ್ಕೆ ಸಿಬ್ಬಂದಿ ಸಾಲದು ಎಂಬ ಉತ್ತರ ಬಂತು. ಎರಡನೆಯದಕ್ಕೆ ತಂತ್ರಾಂಶದಲ್ಲಿ ಅವಕಾಶವಿಲ್ಲವಂತೆ.